ಬರ್ಚ್ ತೊಗಟೆಯ ಡಬ್ಬಿ, ಮುಳ್ಳಿನ ಕುಸುರಿ: ಕಲಿಯಲು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಾನು ಧಾರವಾಡದವಳು. ಈಗ ಅಮೆರಿಕದ ಮಿನ್ನೆಸೋಟಾ ರಾಜ್ಯದ ಡುಲೂತ್ ನಗರದಲ್ಲಿದ್ದೇನೆ. ತಾಯಿಯಿಂದ ಕಸೂತಿ ಕಲಿತಿದ್ದೇನೆ. ಇಲ್ಲಿನ ಒಂದು ವಸ್ತುಸಂಗ್ರಹಾಲಯದಲ್ಲಿ ಈ ಭಾಗದ ಮೂಲನಿವಾಸಿಗಳಾದ ಓಜಿಬ್ವೆ ಜನರ ಪುಟ್ಟ ಡಬ್ಬಿಯೊಂದನ್ನು ನೋಡಿದೆ. ಮೈಯೆಲ್ಲ ಬರ್ಚ್ ಮರದ ತೊಗಟೆ, ಮುಚ್ಚಳದ ತುಂಬ ಮುಳ್ಳುಹಂದಿಯ ಮುಳ್ಳಿನಿಂದ ಮಾಡಿದ ಹೂವು. ಅದನ್ನು ಕಲಿಯಲೇಬೇಕು ಅನ್ನಿಸಿದೆ. ಎಲ್ಲಿ ಕಲಿಯಲಿ? ತೊಗಟೆ, ಮುಳ್ಳು ಎಲ್ಲಿ ಸಿಗುತ್ತವೆ? ಊರಿನಿಂದ ಮುಳ್ಳು ತರಿಸಿಕೊಳ್ಳಬಹುದೇ? ಹೊರಗಿನವಳಾದ ನಾನು ಇದನ್ನು ಕಲಿಯುವುದು, ಮುಂದೆ ಮಾರುವುದು ಸರಿಯೇ?

ಉತ್ತರ: ನಿಮ್ಮ ಕಣ್ಣು ಮುಳ್ಳಿನ ಹೂವಿನ ಮೇಲೆ ನಿಂತಿರುವುದು ಸಹಜ. ಆದರೆ ಆ ಡಬ್ಬಿಯಲ್ಲಿ ಮುಳ್ಳಿನ ಸರದಿ ಬರುವುದು ಕೊನೆಗೆ. ಸೂಜಿ ಹಿಡಿದು ಪಳಗಿದ ಕೈ ನಿಮ್ಮದು, ಹೀಗಾಗಿ ನೇರವಾಗಿ ಮುಳ್ಳಿಗೇ ಹೋಗಬೇಕೆಂಬ ಆಸೆ ಇನ್ನೂ ಬಲವಾಗಿರುತ್ತದೆ. ಹಾಗೆ ಮಾಡಬೇಡಿ. ಮೊದಲ ವರ್ಷವನ್ನು ಪೂರ್ತಿಯಾಗಿ ತೊಗಟೆಗೇ ಕೊಡಿ. ಒಳ್ಳೆಯ ತೊಗಟೆ ಯಾವುದು, ಅದು ಎತ್ತ ಬಾಗುತ್ತದೆ, ಎತ್ತ ಸೀಳುತ್ತದೆ ಎಂಬುದು ಕೈಗೆ ತಿಳಿಯದೆ ಮುಳ್ಳು ಚುಚ್ಚಲು ಹೋದರೆ ಎಷ್ಟು ಅಚ್ಚುಕಟ್ಟಾದ ಹೂವೂ ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಬಿರುಕಿನ ಮೇಲೆ ಕುಳಿತಿರುತ್ತದೆ.

ಎಲ್ಲಿ ಕಲಿಯಬೇಕು ಎಂಬುದಕ್ಕೆ ನೀವಿರುವ ಜಾಗವೇ ಅರ್ಧ ಉತ್ತರ. ಡುಲೂತ್ ನಿಂತಿರುವ ನೆಲ ಓಜಿಬ್ವೆ ಜನರು 1854ರ ಒಪ್ಪಂದದಲ್ಲಿ ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಟ್ಟ ಪ್ರದೇಶ. ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ಅವರು ಆ ಒಪ್ಪಂದದಲ್ಲೇ ಉಳಿಸಿಕೊಂಡರು. ಪಶ್ಚಿಮಕ್ಕೆ ಸ್ವಲ್ಪ ದೂರದ ಕ್ಲೋಕೆ ಊರಿನ ಬಳಿ ಓಜಿಬ್ವೆಯವರ ಫಾಂಡ್ ಡು ಲ್ಯಾಕ್ ಮೀಸಲು ಪ್ರದೇಶವಿದೆ, ಅಲ್ಲೇ ಬುಡಕಟ್ಟು ಕಾಲೇಜೂ ಇದೆ. ನೈಋತ್ಯಕ್ಕೆ ಮಿಲ್ ಲ್ಯಾಕ್ಸ್ ಸರೋವರದ ದಡದಲ್ಲಿ ಮಿಲ್ ಲ್ಯಾಕ್ಸ್ ಇಂಡಿಯನ್ ಮ್ಯೂಸಿಯಂ ಇದೆ. ಓಜಿಬ್ವೆ ಕುಶಲಕರ್ಮಿಗಳೇ ಕಲಿಸುವ ಶಿಬಿರಗಳು ಅಲ್ಲಿ ನಡೆಯುತ್ತವೆ. ಇವುಗಳ ಕಾರ್ಯಕ್ರಮ ಪಟ್ಟಿಯನ್ನು ಗಮನಿಸುತ್ತಿರಿ, ಸಾರ್ವಜನಿಕರಿಗೆ ಪ್ರವೇಶವಿರುವ ಪಾವ್‌ವಾವ್ ಉತ್ಸವಗಳಿಗೆ ಹೋಗಿ, ಅಲ್ಲಿ ತೊಗಟೆಯ ವಸ್ತು ಮಾರುವ ಹಿರಿಯರೊಂದಿಗೆ ನಿಧಾನವಾಗಿ ಮಾತನಾಡಿ. ಮೊದಲ ಭೇಟಿಯಲ್ಲೇ ಕಲಿಸಿಕೊಡಿ ಎಂದು ಕೇಳಬೇಡಿ, ಏನನ್ನಾದರೂ ಕೊಳ್ಳಿ. ಕಲಿಸಲು ಕೇಳುವ ಹೊತ್ತು ಬಂದಾಗ ಒಂದಿಷ್ಟು ಹೊಗೆಸೊಪ್ಪನ್ನು ಕೈಯಲ್ಲಿಟ್ಟು ಕೇಳುವುದು ಅವರ ಪದ್ಧತಿ. ಹೊಗೆಸೊಪ್ಪಿಗೆ ಅವರು ಅಸೇಮಾ ಎನ್ನುತ್ತಾರೆ. ಮರದಿಂದ ತೊಗಟೆ ಬಿಡಿಸುವ ಮುನ್ನ ಮರದ ಬುಡದಲ್ಲೂ ಅದನ್ನೇ ಇಡುತ್ತಾರೆ.

ಒಂದು ಎಚ್ಚರಿಕೆ. ನೀವಿರುವ ಭಾಗದಲ್ಲಿ ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳಿಂದ ಬಂದವರ ವಂಶಸ್ಥರು ಬಹಳ. ಅವರಿಗೂ ಬರ್ಚ್ ತೊಗಟೆಯ ಕಸುಬು ಇದೆ, ಜಾನಪದ ಕಲೆಯ ಶಾಲೆಗಳಲ್ಲಿ ಅದರ ತರಗತಿಗಳೂ ನಡೆಯುತ್ತವೆ. ಆದರೆ ಅವರು ತೊಗಟೆಯನ್ನು ಉದ್ದ ಪಟ್ಟಿಗಳಾಗಿ ಕತ್ತರಿಸಿ ಚಾಪೆಯಂತೆ ಹೆಣೆಯುತ್ತಾರೆ. ಓಜಿಬ್ವೆ ವಿಧಾನದಲ್ಲಿ ಹೆಣಿಗೆಯೇ ಇಲ್ಲ. ತೊಗಟೆಯ ಇಡೀ ಹಾಳೆಯನ್ನು ಮಡಚಿ, ಬೇರಿನಿಂದ ಅಥವಾ ನಾರಿನಿಂದ ಹೊಲಿದು, ಬಾಯಿಗೆ ಮರದ ಪಟ್ಟಿ ಕಟ್ಟುತ್ತಾರೆ. ಎರಡೂ ಸೊಗಸಾದ ವಿದ್ಯೆಗಳೇ. ತರಗತಿಗೆ ಹಣ ಕಟ್ಟುವ ಮುನ್ನ ಯಾವುದನ್ನು ಕಲಿಸುತ್ತಾರೆ, ಯಾರು ಕಲಿಸುತ್ತಾರೆ ಎಂದು ಕೇಳಿಕೊಳ್ಳಿ.

ಇನ್ನು ತೊಗಟೆಯ ವಿಷಯ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಬೇಕಾದ ಮರ ಪೇಪರ್ ಬರ್ಚ್. ನಮ್ಮ ಹಿಮಾಲಯದ ಭೂರ್ಜವೃಕ್ಷ ಇದರ ಹತ್ತಿರದ ಬಂಧು. ಭೂರ್ಜದ ತೆಳುವಾದ ಪದರುಗಳ ಮೇಲೆ ಕಾಶ್ಮೀರದ ಪಂಡಿತರು ಗ್ರಂಥ ಬರೆದರು, ಅಮೆರಿಕದ ಉತ್ತರದ ಕಾಡಿನವರು ಪೇಪರ್ ಬರ್ಚ್‌ನ ದಪ್ಪ ತೊಗಟೆಯಿಂದ ಮನೆಗೆ ಹೊದಿಕೆ ಮಾಡಿದರು, ದೋಣಿ ಕಟ್ಟಿದರು, ಪಾತ್ರೆ ಮಡಚಿದರು. ತೊಗಟೆಗೆ ಓಜಿಬ್ವೆ ಭಾಷೆಯಲ್ಲಿ ವೀಗ್ವಾಸ್, ಅದರಿಂದ ಮಾಡಿದ ಪೆಟ್ಟಿಗೆಗೆ ಮಕಕ್ ಎಂದು ಹೆಸರು. ತೊಗಟೆಯಲ್ಲಿ ಬೆಟುಲಿನ್ ಎಂಬ ಮೇಣದಂಥ ವಸ್ತು ತುಂಬಿರುವುದರಿಂದ ಅದು ನೀರನ್ನು ಒಳಗೆ ಬಿಡುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಮೇಪಲ್ ಮರದ ರಸ ಹಿಡಿಯಲು, ಅದನ್ನು ಕಾಯಿಸಿ ಮಾಡಿದ ಸಕ್ಕರೆ ತುಂಬಿಡಲು, ಸರೋವರದಲ್ಲಿ ತಾನೇ ಬೆಳೆಯುವ ಕಾಡಕ್ಕಿಯನ್ನು ಕೇರಲು ಬೇಕಾದ ಮೊರಕ್ಕೆ, ಎಲ್ಲಕ್ಕೂ ಇದೇ ತೊಗಟೆ.

ತೊಗಟೆ ಬಿಡಿಸುವ ಕಾಲ ಜೂನ್ ಕೊನೆಯಿಂದ ಜುಲೈ ಮೊದಲ ವಾರಗಳವರೆಗೆ. ಆಗ ಮರದಲ್ಲಿ ರಸ ಏರಿರುತ್ತದೆ. ಹೊರತೊಗಟೆಗೆ ಮಾತ್ರ ತಾಗುವಂತೆ ಮೇಲಿನಿಂದ ಕೆಳಕ್ಕೆ ಒಂದು ಗೀರು ಎಳೆದರೆ ಸಾಕು, ಟಪ್ ಎಂಬ ಸದ್ದಿನೊಂದಿಗೆ ಅಂಚು ತಾನಾಗಿ ಎದ್ದು ನಿಲ್ಲುತ್ತದೆ. ಮುಂದೆ ಅಂಗೈ ತೂರಿಸಿ ಸುತ್ತ ಬಿಡಿಸುತ್ತ ಹೋಗುವುದು. ಚಾಕು ಎಷ್ಟು ಆಳಕ್ಕೆ ಹೋಗಬೇಕು ಎಂಬುದೇ ಇಲ್ಲಿನ ವಿದ್ಯೆ. ಹೊರತೊಗಟೆಯ ಕೆಳಗಿನ ಜೀವಂತ ಒಳತೊಗಟೆ ಉಳಿದರೆ ಮರ ಬದುಕುತ್ತದೆ. ಬಿಡಿಸಿದ ಜಾಗ ಕಪ್ಪಾಗಿ ಒರಟಾಗಿ ಬೆಳೆಯುತ್ತದೆ, ಅಲ್ಲಿ ಮತ್ತೆ ಅಂಥ ತೊಗಟೆ ಬರುವುದಿಲ್ಲ. ಒಳತೊಗಟೆಗೆ ಸುತ್ತಲೂ ಪೆಟ್ಟು ಬಿದ್ದರೆ ಮರ ಸಾಯುತ್ತದೆ. ಆದ್ದರಿಂದ ಮೊದಲ ಬೇಸಿಗೆಯಲ್ಲಿ ನೀವೇ ಚಾಕು ಹಿಡಿದು ಕಾಡಿಗೆ ಹೋಗಬೇಡಿ. ಉದ್ಯಾನದ, ರಸ್ತೆ ಬದಿಯ ಮರಗಳನ್ನಂತೂ ಮುಟ್ಟಲೇಬೇಡಿ. ಸರ್ಕಾರಿ ಕಾಡಾದರೆ ಅರಣ್ಯ ಕಚೇರಿಯ ಅನುಮತಿ ಬೇಕು, ಖಾಸಗಿ ಜಮೀನಾದರೆ ಮಾಲೀಕರದ್ದು. ಕಡಿಯಲು ಗುರುತು ಮಾಡಿದ ಮರಗಳಿಂದ ತೊಗಟೆ ಪಡೆಯುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ದೊಡ್ಡ, ನೇರ, ಗಂಟಿಲ್ಲದ ಬರ್ಚ್ ಈಗ ಮೊದಲಿನಷ್ಟು ಸುಲಭವಾಗಿ ಸಿಗುವುದಿಲ್ಲ. ಬಿಸಿ ಏರುತ್ತಿರುವ ಬೇಸಿಗೆಗಳಲ್ಲಿ ಸೊರಗಿದ ಮರಗಳನ್ನು ಕಾಂಡ ಕೊರೆಯುವ ಹುಳು ಹಿಡಿಯುತ್ತದೆ. ಇರುವ ಮರಗಳು ಮೊದಲು ಯಾರ ಕೈಗೆ ಸಿಗಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ: ತಲೆತಲಾಂತರದಿಂದ ಅವುಗಳನ್ನು ಕಾಯ್ದುಕೊಂಡು ಬಂದವರಿಗೆ.

ಹಾಳೆ ಕೈಗೆ ಬಂದಾಗ ಅದನ್ನು ಬೆಳಕಿಗೆ ಹಿಡಿದು ನೋಡಿ. ಅಡ್ಡಡ್ಡಲಾಗಿ ಸಣ್ಣ ಗೀರುಗಳು ಕಾಣುತ್ತವೆ, ಮರ ಉಸಿರಾಡುವ ರಂಧ್ರಗಳು ಅವು. ತೊಗಟೆ ಸೀಳುವುದು ಈ ಗೀರುಗಳ ಜಾಡಿನಲ್ಲೇ. ಗೀರು ಚಿಕ್ಕದಾಗಿ, ತೆಳುವಾಗಿದ್ದರೆ ಒಳ್ಳೆಯ ಹಾಳೆ. ಉಬ್ಬಿಕೊಂಡು ಒರಟಾಗಿದ್ದರೆ ಮಡಚಿದೊಡನೆ ಬಾಯಿ ಬಿಡುತ್ತದೆ. ನನಗೆ ಕಲಿಸಿದ ಹಿರಿಯ ಓಜಿಬ್ವೆ ಮಹಿಳೆ ಯಾವ ಹಾಳೆ ಬಂದರೂ ಮೊದಲು ಅಂಚಿನಿಂದ ಒಂದು ಬೆರಳಗಲದ ತುಂಡು ಕತ್ತರಿಸಿ ಎರಡೂ ದಿಕ್ಕಿಗೆ ಬಗ್ಗಿಸಿ ನೋಡುತ್ತಿದ್ದರು. ಪದರು ಬಿಟ್ಟರೆ ಆ ಹಾಳೆ ಒಲೆ ಹೊತ್ತಿಸಲು ಹೋಗುತ್ತಿತ್ತು. ಬರ್ಚ್ ತೊಗಟೆಯಷ್ಟು ಬೇಗ ಬೆಂಕಿ ಹಿಡಿಯುವುದು ಆ ಕಾಡಿನಲ್ಲಿ ಬೇರೊಂದಿಲ್ಲ. ಬಿಡಿಸಿದ ತೊಗಟೆ ಮರದ ಮೇಲಿದ್ದಾಗಿನ ಬಾಗಿಗೆ ತಿರುವುಮುರುವಾಗಿ, ಬಿಳಿ ಮೈ ಒಳಗಾಗುವಂತೆ ಸುರುಳಿ ಸುತ್ತಿಕೊಳ್ಳುತ್ತದೆ. ಅದಕ್ಕೇ ಹೊಸದಿರುವಾಗಲೇ ಚಪ್ಪಟೆಯಾಗಿ ಹಾಸಿ ಮೇಲೆ ಭಾರ ಇಡಬೇಕು. ಪಾತ್ರೆಯಲ್ಲೂ ಬಿಳಿ ಮೈ ಒಳಗೆ, ಕಂದು ಮೈ ಹೊರಗೆ ಬರುತ್ತದೆ. ನೋಡುವವರಿಗೆ ಇದು ತಲೆಕೆಳಗು ಅನ್ನಿಸಬಹುದು, ಆದರೆ ತೊಗಟೆಗೆ ಒಲಿದ ದಿಕ್ಕು ಅದೇ.

ಚಳಿಗಾಲದ ತೊಗಟೆ ಎಂಬ ಇನ್ನೊಂದು ಬಗೆಯಿದೆ. ರಸ ಚೆನ್ನಾಗಿ ಏರುವ ಮುನ್ನ ಬಿಡಿಸಿದ ಇಂಥ ತೊಗಟೆಯ ಒಳಮೈಗೆ ಕಡುಕಂದು ಪದರವೊಂದು ಅಂಟಿಕೊಂಡು ಬರುತ್ತದೆ. ಅದನ್ನು ಒದ್ದೆ ಮಾಡಿ ಕೆರೆದರೆ ಕೆಳಗಿನ ತಿಳಿ ಬಣ್ಣ ಕಾಣಿಸಿಕೊಂಡು ಚಿತ್ರವಾಗುತ್ತದೆ. ಮುಳ್ಳಿಲ್ಲದೆಯೂ ಅಲಂಕಾರ ಮಾಡಬಹುದಾದ ಈ ಕೆಲಸ ನಿಮಗೆ ಎರಡನೆಯ ಮೆಟ್ಟಿಲಾಗಲಿ.

ಮೊದಲ ಮೆಟ್ಟಿಲು ಮಾತ್ರ ಮೇಪಲ್ ರಸ ಹಿಡಿಯುವ ತಟ್ಟೆ. ಮಲೆನಾಡಿನಲ್ಲಿ ಅಡಿಕೆ ಹಾಳೆಯನ್ನು ನೆನೆಸಿ ಮೂಲೆಗಳನ್ನು ಮಡಚಿ ನೀರು ನಿಲ್ಲುವಂತೆ ಕಟ್ಟುವುದನ್ನು ನೀವು ನೋಡಿದ್ದರೆ ಇದರ ಅರ್ಧ ನಿಮಗೆ ಗೊತ್ತಿದೆ. ಆಯತಾಕಾರದ ತೊಗಟೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ನಾಲ್ಕೂ ಬದಿ ಎತ್ತಿ, ಮೂಲೆಯನ್ನು ಕತ್ತರಿಸದೆ ಹಾಗೇ ಮಡಿಕೆ ಹಾಕಿ ಪಕ್ಕಕ್ಕೆ ಹೊಲಿಯುವುದು. ಕತ್ತರಿ ಬೀಳದ ಕಾರಣ ಸೋರುವುದಿಲ್ಲ. ಇಂಥದ್ದನ್ನು ಕೈ ಬೇಸರಿಸುವಷ್ಟು ಮಾಡಿ. ಆಮೇಲೆ ಕತ್ತರಿಸಿ ಹೊಲಿಯುವ, ಬುಡ ಅಗಲವಾಗಿ ಬಾಯಿ ಕಿರಿದಾಗಿರುವ ಮಕಕ್.

ಹೊಲಿಗೆಗೆ ಎರಡು ಬಗೆಯ ದಾರ. ಒಂದು ಸ್ಪ್ರೂಸ್ ಮರದ ಬೇರು, ಓಜಿಬ್ವೆ ಭಾಷೆಯಲ್ಲಿ ವದಬ್. ಜೌಗು ನೆಲದ ಪಾಚಿಯ ಕೆಳಗೆ ಕಪ್ಪು ಸ್ಪ್ರೂಸಿನ ಬೇರುಗಳು ಮೇಲುಮೇಲಕ್ಕೇ ಉದ್ದಕ್ಕೆ ಹರಿದಿರುತ್ತವೆ. ಬೆರಳಿನಿಂದ ಪಾಚಿ ಸರಿಸಿ ಹಿಡಿದು ಎಳೆಯುತ್ತಾರೆ. ಸಿಪ್ಪೆ ತೆಗೆದು ನಡುವೆ ಸೀಳುವಾಗ ಸೀಳು ಒಂದು ಕಡೆಗೆ ಓಡತೊಡಗಿದರೆ ದಪ್ಪ ಉಳಿದ ಕಡೆಯನ್ನು ಹೆಚ್ಚು ಬಗ್ಗಿಸಬೇಕು, ಸೀಳು ಮತ್ತೆ ನಡುವಿಗೆ ಬರುತ್ತದೆ. ಇನ್ನೊಂದು ಬಾಸ್‌ವುಡ್ ಮರದ ಒಳತೊಗಟೆಯ ನಾರು. ಇದನ್ನು ನಾವು ಪುಂಡಿ ನಾರು ತೆಗೆಯುವಂತೆಯೇ ವಾರಗಟ್ಟಲೆ ನೀರಿನಲ್ಲಿ ಕೊಳೆಯಿಸಿ ಪದರು ಪದರಾಗಿ ಬಿಡಿಸುತ್ತಾರೆ.

ಹೊಲಿಯುವಾಗ ನಿಮ್ಮ ಕಸೂತಿಯ ಶಿಸ್ತು ಒಂದು ವಿಷಯದಲ್ಲಿ ಅಡ್ಡ ಬರುತ್ತದೆ. ಬಟ್ಟೆಯ ಎಳೆ ಎಣಿಸಿ ಸಮ ಅಂತರದಲ್ಲಿ, ಒಂದೇ ಗೆರೆಯಲ್ಲಿ ಹಾಕಿ ರೂಢಿಯಾದ ಕೈ ನಿಮ್ಮದು. ತೊಗಟೆಯಲ್ಲಿ ತೂತುಗಳು ಒಂದೇ ಗೆರೆಯಲ್ಲಿ ಬಿದ್ದು, ಆ ಗೆರೆ ಗೀರುಗಳ ಜಾಡಿನಲ್ಲೇ ಇದ್ದರೆ ದಾರ ಬಿಗಿಯುತ್ತಿದ್ದಂತೆ ಹಾಳೆ ಆ ಗೆರೆಗುಂಟ ಹರಿದುಬರುತ್ತದೆ. ಆದ್ದರಿಂದ ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ಒಂದು ಮೇಲೆ, ಒಂದು ಕೆಳಗೆ. ಹಳೆಯ ಮಕಕ್‌ಗಳ ಅಂಚಿನಲ್ಲಿ ಕಾಣುವ ಏರಿಳಿತದ ಹೊಲಿಗೆ ಚೆಂದಕ್ಕಾಗಿ ಹುಟ್ಟಿದ್ದಲ್ಲ. ಬಾಯಿಗೆ ಕಟ್ಟುವ ಮರದ ಪಟ್ಟಿಯೂ ಹಾಗೆಯೇ, ಅಂಚಿನಿಂದ ಸೀಳು ಶುರುವಾಗದಂತೆ ಅದು ತಡೆಯುತ್ತದೆ.

ಈಗ ಮುಳ್ಳು. ಊರಿನಿಂದ ತರಿಸಿಕೊಳ್ಳುವ ಯೋಚನೆಯನ್ನು ಖಂಡಿತ ಬಿಡಿ. ನಮ್ಮ ಮುಳ್ಳುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಬೇರೆ ದೇಶದ ಕಾನೂನು ಮೀರಿ ಪಡೆದ ವನ್ಯಜೀವಿ ವಸ್ತುವನ್ನು ಅಮೆರಿಕದೊಳಗೆ ತರುವುದು ಅಲ್ಲಿನ ಲೇಸಿ ಕಾಯ್ದೆಯಡಿ ಅಪರಾಧ. ಹೊಲದ ಬದುವಿನಲ್ಲಿ ಬಿದ್ದು ಸಿಕ್ಕಿದ್ದು ಎಂಬ ಸಮಜಾಯಿಷಿ ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ಅಲ್ಲದೆ ಅದು ಈ ಕೆಲಸಕ್ಕೆ ಬರುವುದೂ ಇಲ್ಲ. ನಮ್ಮದರ ಮುಳ್ಳು ಗೇಣುದ್ದ, ಪೆನ್ಸಿಲಿನಂತೆ ಗಟ್ಟಿ, ಮಡಚಿದರೆ ಮುರಿಯುತ್ತದೆ. ಉತ್ತರ ಅಮೆರಿಕದ ಮುಳ್ಳುಹಂದಿ ಬೇರೆಯೇ ಕುಟುಂಬದ, ಮರ ಹತ್ತುವ ಪ್ರಾಣಿ. ಅದರ ಮೈಮೇಲಿನ ಮುಳ್ಳುಗಳು ಸುಮಾರು 30,000 ಎನ್ನುತ್ತಾರೆ. ಉದ್ದ ಹೆಚ್ಚೆಂದರೆ ಬೆರಳಿನಷ್ಟು. ಬಿಳಿ ಮೈ, ಕಪ್ಪು ಮೊನೆ, ಒಳಗೆ ಹಗುರವಾದ ಬೆಂಡು. ನೀರಿನಲ್ಲಿ ನೆನೆಸಿದರೆ ಮೆತ್ತಗಾಗಿ ಹೇಳಿದಂತೆ ಕೇಳುತ್ತದೆ.

ಕುಶಲಕರ್ಮಿಗಳು ಬಹುಮಟ್ಟಿಗೆ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕು ಸತ್ತ ಪ್ರಾಣಿಗಳಿಂದ ಮುಳ್ಳು ತೆಗೆಯುತ್ತಾರೆ. ಬದುಕಿರುವುದರ ಮೇಲೆ ಕಂಬಳಿ ಎಸೆದು, ಕಂಬಳಿಗೆ ಚುಚ್ಚಿಕೊಂಡ ಮುಳ್ಳನ್ನು ಆಯ್ದುಕೊಂಡು ಪ್ರಾಣಿಯನ್ನು ಹಾಗೇ ಬಿಟ್ಟುಬಿಡುವ ವಿಧಾನವೂ ಇದೆ. ನೀವು ತೊಳೆದು ವಿಂಗಡಿಸಿದ ಮುಳ್ಳನ್ನು ನಿಮ್ಮ ಗುರುಗಳಿಂದಲೋ ಅವರು ಹೇಳಿದವರಿಂದಲೋ ಕೊಳ್ಳಿ. ನೀವೇ ತೊಳೆಯುವುದಾದರೆ ಪಾತ್ರೆ ತೊಳೆಯುವ ಸಾಬೂನು ಹಾಕಿದ ಬೆಚ್ಚಗಿನ ನೀರಿನಲ್ಲಿ ಜಿಡ್ಡು ಹೋಗುವವರೆಗೆ ಮತ್ತೆ ಮತ್ತೆ ತೊಳೆಯಬೇಕು, ಜಿಡ್ಡಿದ್ದರೆ ಬಣ್ಣ ಹತ್ತುವುದಿಲ್ಲ. ಕೈಯಿಂದ ಕಲಕಬೇಡಿ, ಕಡ್ಡಿ ಬಳಸಿ. ಒಂದೊಂದು ಮೊನೆಯ ಕೊನೆಯ 4 ಮಿಲಿಮೀಟರಿನಲ್ಲಿ ಹಿಮ್ಮುಖವಾಗಿರುವ ನೂರಾರು ಸೂಕ್ಷ್ಮ ಕೊಕ್ಕೆಗಳಿವೆ. ಚರ್ಮದೊಳಗೆ ಸುಲಭವಾಗಿ ಇಳಿಯುತ್ತದೆ, ಹೊರಗೆ ಬರಲು ಮಾತ್ರ ಒಪ್ಪುವುದಿಲ್ಲ. ಮುರಿದು ಒಳಗುಳಿದ ತುಂಡು ಮಾಂಸದೊಳಗೆ ಮುಂದಕ್ಕೆ ಸರಿಯುತ್ತ ಹೋಗಬಲ್ಲದು. ಮನೆಯಲ್ಲಿ ಮಕ್ಕಳು ಅಥವಾ ನಾಯಿ ಇದ್ದರೆ ಮುಳ್ಳಿನ ಕೆಲಸಕ್ಕೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಇರಲಿ. ಕತ್ತರಿಸಿದ ಮೊನೆಗಳನ್ನು ನೆಲಕ್ಕೆ ಬೀಳಿಸದೆ ಮುಚ್ಚಳವಿರುವ ಗಾಜಿನ ಸೀಸೆಗೆ ಹಾಕಿ.

ಬಣ್ಣಕ್ಕೆ ಹಿಂದೆ ಬ್ಲಡ್‌ರೂಟ್ ಎಂಬ ಗಿಡದ ಕೆಂಪು ಬೇರು, ಆಲ್ಡರ್ ಮರದ ತೊಗಟೆ, ಕಾಡಿನ ಹಣ್ಣುಗಳು ಬಳಕೆಯಲ್ಲಿದ್ದವು. 19ನೇ ಶತಮಾನದ ಉತ್ತರಾರ್ಧದಿಂದ ಅಂಗಡಿಯ ಬಣ್ಣಗಳೂ ಸೇರಿಕೊಂಡವು. ಮುಳ್ಳು ನಮ್ಮ ಉಗುರು, ಕೂದಲಿನಂತೆ ಕೆರಾಟಿನ್‌ನಿಂದ ಆದದ್ದು. ಹೀಗಾಗಿ ಉಣ್ಣೆಗೆ ಹಾಕುವ ಬಣ್ಣವೇ ಇದಕ್ಕೂ ಹತ್ತುತ್ತದೆ, ಸ್ವಲ್ಪ ವಿನೆಗರ್ ಸೇರಿಸಿದರೆ ಚೆನ್ನಾಗಿ ಕೂರುತ್ತದೆ. ನೀರು ಬಿಸಿ ಇರಲಿ, ಕುದಿಯದಿರಲಿ. ಕುದಿಸಿದರೆ ಮುಳ್ಳು ಸತ್ವ ಕಳೆದುಕೊಂಡು ಮೆತ್ತಗಾಗಿಬಿಡುತ್ತದೆ.

ಕೂಡಿಸುವ ಕ್ರಮ ಹೀಗಿದೆ. ತೊಗಟೆಯ ಮೇಲೆ ವಿನ್ಯಾಸವನ್ನು ತೆಳ್ಳಗೆ ಗೀರಿಕೊಳ್ಳಿ. ಒಂದು ಎಸಳಿಗೆ ಬೇಕಾದಷ್ಟು, ಒಂದೇ ದಪ್ಪದ ಮುಳ್ಳುಗಳನ್ನು ಆಯ್ದು ನೆನೆಹಾಕಿ. ದಬ್ಬಳದಂಥ ಸೂಕ್ಷ್ಮ ಮೊನೆಯಿಂದ ಎಸಳಿನ ಅಂಚಿನಲ್ಲಿ ಒಂದೇ ಒಂದು ತೂತು ಮಾಡಿ, ಮುಳ್ಳಿನ ಒಂದು ತುದಿ ತೂರಿಸಿ ಹಿಂದಿನಿಂದ ಚಿಮಟದಲ್ಲಿ ಎಳೆದುಕೊಳ್ಳಿ. ಮುಳ್ಳನ್ನು ಎಸಳಿನ ಅಡ್ಡಕ್ಕೆ ಮಲಗಿಸಿ ಎದುರು ಅಂಚಿನಲ್ಲಿ ಇನ್ನೊಂದು ತೂತು ಮಾಡಿ ಉಳಿದ ತುದಿಯನ್ನೂ ಒಳಗೆ ಬಿಡಿ. ಹಿಂದೆ ಎರಡೂ ತುದಿಗಳನ್ನು ಬಗ್ಗಿಸಿ ಚಪ್ಪಟೆಯಾಗಿ ಒತ್ತಿ, ಹೆಚ್ಚಾದದ್ದನ್ನು ಕತ್ತರಿಸಿ. ತೂತುಗಳನ್ನೆಲ್ಲ ಮೊದಲೇ ಮಾಡಿಟ್ಟುಕೊಳ್ಳಬೇಡಿ. ತೊಗಟೆ ಸ್ವಲ್ಪ ಹೊತ್ತಿನಲ್ಲೇ ತೂತನ್ನು ಮುಚ್ಚಿಕೊಳ್ಳತೊಡಗುತ್ತದೆ. ಆ ಗುಣವೇ ಮುಳ್ಳನ್ನು ಹಿಡಿದು ನಿಲ್ಲಿಸುವುದು, ಇಲ್ಲಿ ಗಂಟೂ ಇಲ್ಲ, ಅಂಟೂ ಇಲ್ಲ. ಪಕ್ಕದ ಮುಳ್ಳು ಮೊದಲಿನದಕ್ಕೆ ತಾಗಿಕೊಂಡೇ ಕೂರಬೇಕು. ನಡುವೆ ತೊಗಟೆ ಇಣುಕಿದರೆ ಬಿಚ್ಚಿ ಮತ್ತೆ ಹಾಕಿ.

ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಮೈ ಒಂದೇ ತೆರನಾಗಿ ಕಾಣಬೇಕೆಂದು ನಿಮ್ಮ ತಾಯಿ ಹೇಳಿಕೊಟ್ಟಿರುತ್ತಾರೆ. ಇಲ್ಲಿ ಹಿಂಬದಿ ಮುಳ್ಳಿನ ತುದಿಗಳ ಗೊಂದಲವೇ. ಅದಕ್ಕೆ ಬೇಸರಿಸಬೇಡಿ. ಮೇಲ್ಮೈ ಮುಗಿದ ಮೇಲೆ ಒಳಗೆ ಇನ್ನೊಂದು ತೊಗಟೆಯ ಅಸ್ತರಿ ಕೂರಿಸಿ ಹೊಲಿಯುತ್ತಾರೆ, ತುದಿಗಳೆಲ್ಲ ಎರಡು ತೊಗಟೆಗಳ ನಡುವೆ ಭದ್ರವಾಗಿ ಉಳಿಯುತ್ತವೆ. ಮುಚ್ಚಳದ ಅಂಚಿಗೆ ಸ್ವೀಟ್‌ಗ್ರಾಸ್ ಎಂಬ ಪರಿಮಳದ ಹುಲ್ಲಿನ ಕಟ್ಟನ್ನು ದಾರದಿಂದ ಸುತ್ತಿ ಹೊಲಿಯುತ್ತಾರೆ. ಆ ಹುಲ್ಲು ಅವರಿಗೆ ಪವಿತ್ರವಾದದ್ದು, ಕೈಗೆ ಸಿಕ್ಕಿತೆಂದು ಕಿತ್ತು ತರುವಂಥದ್ದಲ್ಲ.

ಇಂಥ ಡಬ್ಬಿಗಳ ದೊಡ್ಡ ನೆಲೆ ನಿಮ್ಮಲ್ಲಿಂದ ಪೂರ್ವಕ್ಕಿದೆ: ಮಿಷಿಗನ್ ರಾಜ್ಯದ ಉತ್ತರ ಭಾಗ ಮತ್ತು ಕೆನಡಾದ ಮ್ಯಾನಿಟೂಲಿನ್ ದ್ವೀಪ. ಓಜಿಬ್ವೆಯವರಿಗೆ ಬಂಧುಗಳಾದ ಒಡಾವಾ ಜನರು ಇದರಲ್ಲಿ ಹೆಸರಾದವರು. ಮಿಷಿಗನ್ನಿನ ಪೆಟೋಸ್ಕಿಯ ಒಡಾವಾ ಕಲಾವಿದೆ ಇವೋನ್ ವಾಕರ್ ಕೆಶಿಕ್ ಅವರಿಗೆ 2014ರಲ್ಲಿ ಮುಳ್ಳಿನ ಕುಸುರಿಗಾಗಿ ಅಮೆರಿಕದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಸಂದಿತು. ಮ್ಯಾನಿಟೂಲಿನ್‌ನ ಮ್ಚಿಗೀಂಗ್ ಊರಿನ ಓಜಿಬ್ವೆ ಕಲ್ಚರಲ್ ಫೌಂಡೇಷನ್‌ನಲ್ಲಿ ಮುಳ್ಳಿನ ಡಬ್ಬಿಗಳನ್ನು ಹತ್ತಿರದಿಂದ ನೋಡಬಹುದು. ಒಮ್ಮೆ ರಜೆಯಲ್ಲಿ ಆ ಕಡೆ ಹೋಗಿ ಬನ್ನಿ. ಒಂದೇ ಡಬ್ಬಿಯ ಮುಂದೆ ನಿಂತು ಮುಳ್ಳುಗಳ ದಿಕ್ಕನ್ನು ಮಾತ್ರ ನೋಡುತ್ತ ಹೋಗಿ. ಹೂವಿನ ಎಸಳಿನಲ್ಲಿ ಒಂದು ದಿಕ್ಕು, ಎಲೆಯಲ್ಲಿ ಇನ್ನೊಂದು. ಬೆಳಕು ಜಾರುವ ರೀತಿ ಬದಲಾಗುವುದರಿಂದ ಒಂದೇ ಬಿಳಿ ಎರಡು ಬಿಳಿಯಾಗಿ ಕಾಣುತ್ತದೆ.

ಹೊರಗಿನವರು ಕಲಿಯಬಹುದೇ ಎಂಬ ಪ್ರಶ್ನೆಯನ್ನು ನೀವು ಕೇಳಿದ್ದು ನನಗೆ ಸಂತೋಷ. ಅದು ಕೇಳಬೇಕಾದ ಪ್ರಶ್ನೆ. 19ನೇ ಶತಮಾನದಲ್ಲಿ ಮಿಷಿಗನ್ನಿನ ಮ್ಯಾಕಿನಾ ದ್ವೀಪಕ್ಕೆ ಬರುತ್ತಿದ್ದ ಪ್ರವಾಸಿಗರಿಗೆ ಈ ಜನರು ಮುಳ್ಳಿನ ಕುಸುರಿಯ ಪುಟ್ಟ ಮಕಕ್‌ಗಳಲ್ಲಿ ಮೇಪಲ್ ಸಕ್ಕರೆ ತುಂಬಿ ಮಾರುತ್ತಿದ್ದರು. ನೆಲ ಕೈಬಿಟ್ಟ ಕಾಲದಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಹೆಂಗಸರ ಈ ಕೈಕೆಲಸದಿಂದ. ಅದೇ ಹೊತ್ತಿನಲ್ಲಿ ಸರ್ಕಾರವೂ ಚರ್ಚುಗಳೂ ನಡೆಸಿದ ವಸತಿ ಶಾಲೆಗಳು ಮಕ್ಕಳನ್ನು ಅಜ್ಜಿಯರಿಂದ ಬೇರ್ಪಡಿಸಿದವು, ಭಾಷೆಯನ್ನು ನಿಷೇಧಿಸಿದವು, ಕೈಯಿಂದ ಕೈಗೆ ದಾಟಬೇಕಾದದ್ದು ಎಷ್ಟೋ ಮನೆಗಳಲ್ಲಿ ದಾಟಲಿಲ್ಲ. ಇವತ್ತು ಕಲಿಸುತ್ತಿರುವವರಲ್ಲಿ ಅನೇಕರು ಹರಿದ ಎಳೆಯನ್ನು ಕಷ್ಟಪಟ್ಟು ಮತ್ತೆ ಹೊಸೆದವರು. ಅವರು ಸಾರ್ವಜನಿಕರಿಗೆಂದು ನಡೆಸುವ ತರಗತಿಗೆ ಧಾರಾಳವಾಗಿ ಹೋಗಿ, ಹೇಳಿದಷ್ಟು ಶುಲ್ಕ ಕೊಡಿ. ಸಮುದಾಯದ ಯುವಜನರಿಗೆಂದೇ ಮೀಸಲಾದ ತರಗತಿಯಲ್ಲಿ ಜಾಗ ಕೇಳಬೇಡಿ. ಗುರುಗಳ ಮನೆತನದ ವಿನ್ಯಾಸವನ್ನು ಅನುಮತಿಯಿಲ್ಲದೆ ನಕಲು ಮಾಡಬೇಡಿ. ಒಂದು ಚಿತ್ರದ ಹಿಂದೆ ಕಥೆಯಿದ್ದರೆ ಅದನ್ನು ಹೇಳುವುದೂ ಬಿಡುವುದೂ ಅವರ ಇಷ್ಟ. ಕೆಲವು ಕಥೆಗಳನ್ನು ಹಿಮ ಬಿದ್ದಿರುವ ಕಾಲದಲ್ಲಿ ಮಾತ್ರ ಹೇಳುವ ಪದ್ಧತಿಯೂ ಇದೆ.

ಮಾರಾಟದ ಬಗ್ಗೆ ನನ್ನ ಅಭಿಪ್ರಾಯ: ಬೇಡ. ಕಾನೂನು ನಿಮ್ಮನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಆದರೆ 1990ರ ಇಂಡಿಯನ್ ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ಕಾಯ್ದೆಯ ಪ್ರಕಾರ ಬುಡಕಟ್ಟಿನವರು ಮಾಡಿದ್ದು ಎಂಬ ಭಾವನೆ ಬರುವಂತೆ ಹೊರಗಿನವರು ವಸ್ತುವನ್ನು ಮಾರುವಂತಿಲ್ಲ. ಮೊದಲ ಅಪರಾಧಕ್ಕೇ 2,50,000 ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ನೀವು ಭಾರತದವರು ಎಂಬ ಕಾರಣಕ್ಕೆ ಚೀಟಿಯ ಮೇಲೆ ‘ಇಂಡಿಯನ್’ ಎಂದು ಬರೆದರೂ ತೊಂದರೆ ತಪ್ಪುವುದಿಲ್ಲ. ಕಾನೂನು ಹಾಗಿರಲಿ, ಓಜಿಬ್ವೆ ಕುಟುಂಬವೊಂದು ಇದೇ ಡಬ್ಬಿ ಮಾರಿ ಬದುಕುತ್ತಿರುವ ಊರಿನಲ್ಲಿ ನಿಮ್ಮ ಅಗ್ಗದ ಡಬ್ಬಿ ಅವರ ಮೇಜಿನ ಪಕ್ಕ ಕೂರಬಾರದು. ನೀವು ಮಾಡಿದ್ದನ್ನು ಮನೆಯಲ್ಲಿಟ್ಟುಕೊಳ್ಳಿ, ಉಡುಗೊರೆ ಕೊಡಿ, ಮೊದಲನೆಯದನ್ನು ಕಲಿಸಿದವರಿಗೇ ಕೊಡಿ. ಯಾರಾದರೂ ನಿಮ್ಮ ಡಬ್ಬಿ ನೋಡಿ ಕೊಳ್ಳಲು ಕೇಳಿದರೆ ನಿಮ್ಮ ಗುರುಗಳ ಹೆಸರು, ಅವರು ಮಾರುವ ಸ್ಥಳ ಹೇಳಿ ಕಳುಹಿಸಿ.